ಚಂದ್ರಗಿರಿಯ ದಡದಿಂದ ಎದ್ದ ದನಿ

ಮನೆಮಾತು ಮಲಯಾಳ, ಶಾಲೆಯ ಮಾತು ಕನ್ನಡ. 1936ರಲ್ಲಿ ಕಾಸರಗೋಡಿನಲ್ಲಿ ಜನಿಸಿದ ಸಾರಾ ಅಬೂಬಕ್ಕರ್ ಅವರ ಬಾಲ್ಯ ಈ ಎರಡರ ನಡುವೆ ಕಳೆಯಿತು. ಮುಸ್ಲಿಂ ಹೆಣ್ಣುಮಕ್ಕಳು ಪ್ರೌಢಶಾಲೆಯ ಮೆಟ್ಟಿಲೇರುವುದೇ ಅಪರೂಪವಾಗಿದ್ದ ಕಾಲದಲ್ಲಿ ವಕೀಲರಾಗಿದ್ದ ತಂದೆ ಮಗಳನ್ನು ಕನ್ನಡ ಶಾಲೆಗೆ ಕಳುಹಿಸಿದರು. ಓದಿನ ಬಳಿಕ ಮದುವೆ, ಮಕ್ಕಳು, ಸಂಸಾರ. 1956ರ ನವೆಂಬರ್ 1ರಂದು ಹುಟ್ಟೂರು ಕೇರಳಕ್ಕೆ ಸೇರಿತು. ಅವರೊಳಗಿನ ಕನ್ನಡ ಮಾತ್ರ ಗಡಿ ದಾಟಲಿಲ್ಲ.

ಅವರ ಬರಹ 'ಲಂಕೇಶ್ ಪತ್ರಿಕೆ'ಯಲ್ಲಿ ಬೆಳಕು ಕಂಡದ್ದು 1980ರ ದಶಕದ ಆರಂಭದಲ್ಲಿ, ನಲವತ್ತರ ಹರೆಯ ದಾಟುತ್ತಿದ್ದಾಗ. 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯ ನಾದಿರಾ ತಂದೆಯ ಹಠಕ್ಕೂ ತಲಾಖಿನ ಕಟ್ಟಳೆಗೂ ಸಿಕ್ಕಿ ನಲುಗಿದವಳು. ಅವಳ ಸಂಕಟವನ್ನು ಒಳಗಿನಿಂದಲೇ ಕಂಡು ಹೇಳಿದ್ದಕ್ಕಾಗಿ ಲೇಖಕಿ ತಮ್ಮವರ ವಿರೋಧವನ್ನೂ ಎದುರಿಸಬೇಕಾಯಿತು. ಆದರೂ ಲೇಖನಿ ಕೆಳಗಿಡಲಿಲ್ಲ.

ಮಲಯಾಳ, ತುಳು, ಬ್ಯಾರಿ, ಕೊಂಕಣಿ ಮನೆಮಾತಿನ ಮಕ್ಕಳು ಇಂದಿಗೂ ನಮ್ಮ ತರಗತಿಗಳಲ್ಲಿದ್ದಾರೆ. ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತ ಬಾಲಕಿಯನ್ನು ಕಂಡಾಗಲೆಲ್ಲ ನನಗೆ ಸಾರಾ ನೆನಪಾಗುತ್ತಾರೆ. ಶಾಲೆ ಕೊಟ್ಟ ಅಕ್ಷರ ಅವರಲ್ಲಿ ದಶಕಗಳ ಕಾಲ ಕಾದಿದ್ದು ಮಾತಾಯಿತು. ಶತಮಾನ ಕಂಡ ಶಾಲೆಗೆ ಅಷ್ಟು ಕಾಯುವ ತಾಳ್ಮೆ ಇರಬೇಕು.