ಕಾನ್‌ಬಾನ್: ಫಲಕವೋ, ಚೀಟಿಯೋ? ಒಂದು ಪದ ಕಾರ್ಖಾನೆಯಿಂದ ಸಾಫ್ಟ್‌ವೇರಿಗೆ ಬಂದ ಚರಿತ್ರೆ

ಗಡಿನಾಡ ಕನ್ನಡದ ವೇದಿಕೆಯಲ್ಲಿ ಸಾಫ್ಟ್‌ವೇರಿನ ಮಾತು ಯಾಕೆ ಅಂತ ಯಾರಾದರೂ ಕೇಳಬಹುದು. ಕಾರಣ ಎರಡು. ನಾರಾಯಣಪೇಟೆ, ತಾಂಡೂರು, ಜಹೀರಾಬಾದ್ ಕಡೆಯ ಕನ್ನಡ ಮನೆಗಳ ಮಕ್ಕಳು ಕೆಲಸ ಹುಡುಕಿಕೊಂಡು ಹೋಗುವ ಹೈದರಾಬಾದಿಗೆ ಈ ಚರಿತ್ರೆಯಲ್ಲಿ ದೊಡ್ಡ ಜಾಗ ಇದೆ. ಮತ್ತೆ, ಇದು ಒಂದು ಪದದ ಚರಿತ್ರೆಯೂ ಹೌದು. ಪದವೊಂದು ಗಡಿ ದಾಟುವಾಗ ಏನನ್ನು ಹೊತ್ತು ತರುತ್ತದೆ, ಏನನ್ನು ದಾರಿಯಲ್ಲೇ ಬಿಡುತ್ತದೆ ಅನ್ನೋದು ಸಾಹಿತ್ಯದ ವಿದ್ಯಾರ್ಥಿಗಳಿಗೂ ಸಂಬಂಧಪಟ್ಟ ಪ್ರಶ್ನೆ.

ಜಪಾನಿ ಭಾಷೆಯಲ್ಲಿ ‘ಕಾನ್’ ಅಂದ್ರೆ ನೋಡುವುದು, ‘ಬಾನ್’ ಅಂದ್ರೆ ಹಲಗೆ. ಎರಡೂ ಕೂಡಿದರೆ ಅಂಗಡಿ ಮುಂದಿನ ಬೋರ್ಡು. ರಾತ್ರಿ ವ್ಯಾಪಾರ ಮುಗಿದ ಮೇಲೆ ಬೋರ್ಡನ್ನು ಒಳಗೆ ತೆಗೆದಿಡುವ ರೂಢಿಯಿಂದ ಅದೇ ಪದಕ್ಕೆ ‘ಅಂಗಡಿ ಮುಚ್ಚುವ ಹೊತ್ತು’ ಅನ್ನೋ ಅರ್ಥವೂ ಬಂತು. ಈ ಎರಡನೇ ಅರ್ಥವನ್ನು ನೆನಪಿನಲ್ಲಿಡಿ. ಇವತ್ತಿಗೆ ಇಷ್ಟೇ, ಇನ್ನು ಗಿರಾಕಿಯನ್ನು ಒಳಗೆ ಬಿಡೋದಿಲ್ಲ ಅನ್ನುವ ಅರ್ಥ ಅದು.

ಟೊಯೊಟಾ ಕಾರ್ಖಾನೆಯಲ್ಲಿ ಈ ಪದ ಬೋರ್ಡಿನಿಂದ ಚೀಟಿಗೆ ಇಳಿಯಿತು. ಯುದ್ಧಾನಂತರದ ಜಪಾನಿನಲ್ಲಿ ಕಂಪನಿ ಮುಳುಗುವ ಸ್ಥಿತಿಗೆ ಬಂದಿತ್ತು. 1950ರಲ್ಲಿ ದೊಡ್ಡ ಕಾರ್ಮಿಕ ಸಂಘರ್ಷ ನಡೆದು ಸಂಸ್ಥಾಪಕ ಕಿಇಚಿರೊ ತೊಯೊದಾ ಅಧ್ಯಕ್ಷ ಸ್ಥಾನ ಬಿಟ್ಟರು. ಬೇಕಾದದ್ದಕ್ಕಿಂತ ಹೆಚ್ಚು ಮಾಡಿ ರಾಶಿ ಹಾಕುವುದು ಎಷ್ಟು ಅಪಾಯ ಅನ್ನೋದು ಕಣ್ಣಮುಂದೆಯೇ ಇತ್ತು. ಯಂತ್ರ ವಿಭಾಗ ನೋಡಿಕೊಳ್ಳುತ್ತಿದ್ದ ತೈಇಚಿ ಓನೊ ಅವರಿಗೆ ಅಮೆರಿಕದ ಸೂಪರ್‌ಮಾರ್ಕೆಟ್ ಒಂದು ದಾರಿ ತೋರಿಸಿತು. ಅಲ್ಲಿ ಗಿರಾಕಿ ತನಗೆ ಬೇಕಾದಷ್ಟು ಎತ್ತಿಕೊಳ್ಳುತ್ತಾನೆ, ಖಾಲಿಯಾದ ಜಾಗವನ್ನು ಮಾತ್ರ ಅಂಗಡಿಯವರು ತುಂಬುತ್ತಾರೆ. 1950ರ ದಶಕದಲ್ಲಿ ಓನೊ ಇದನ್ನೇ ತಮ್ಮ ವಿಭಾಗದಲ್ಲಿ ಮಾಡಿ ನೋಡಿದರು. 1960ರ ದಶಕದ ಆರಂಭದ ಹೊತ್ತಿಗೆ ಅದು ಕಂಪನಿಗೆಲ್ಲ ಹಬ್ಬಿತು.

ವಿಧಾನ ಸರಳ. ಬಿಡಿಭಾಗದ ಪ್ರತಿ ಪೆಟ್ಟಿಗೆಗೂ ಒಂದು ಚೀಟಿ. ಮುಂದಿನ ವಿಭಾಗದವರು ಪೆಟ್ಟಿಗೆ ಬಳಸಲು ತೆಗೆದಾಗ ಚೀಟಿ ಹಿಂದಿನ ವಿಭಾಗಕ್ಕೆ ವಾಪಸ್ ಬರುತ್ತದೆ. ಚೀಟಿ ಬಂದರೆ ಮಾಡು, ಬರದಿದ್ದರೆ ಮಾಡಬೇಡ. ನಮ್ಮ ಮನೆಗಳ ಗ್ಯಾಸ್ ಸಿಲಿಂಡರ್ ನೋಡ್ರಿ, ಖಾಲಿಯಾದದ್ದು ಕೊಟ್ಟರೇನೇ ತುಂಬಿದ್ದು ಕೈಗೆ ಬರೋದು. ಅಡುಗೆಮನೆಯಲ್ಲಿ ಎರಡಿದ್ದರೆ ಎರಡೇ, ಮೂರನೆಯದಕ್ಕೆ ದಾರಿಯಿಲ್ಲ.

ಚೀಟಿ ಎಷ್ಟಿರಬೇಕು ಅನ್ನೋದಕ್ಕೂ ಲೆಕ್ಕ ಇದೆ. ತಾಸಿಗೆ 60 ಬಿಡಿಭಾಗ ಬೇಕು, ಪೆಟ್ಟಿಗೆಗೆ 20 ಹಿಡಿಸುತ್ತವೆ, ತುಂಬಿ ಬರಲು 2 ತಾಸು ಹಿಡಿಯುತ್ತದೆ ಅಂತಿಟ್ಟುಕೊಳ್ಳಿ. ಆಗ 6 ಚೀಟಿ ಸಾಕು, ಅಡಚಣೆಗೆ ಇರಲಿ ಅಂತ ಇನ್ನೊಂದು. ಈ ಏಳನ್ನು ಸುಮ್ಮನೆ ಇಪ್ಪತ್ತು ಮಾಡಿದರೆ ವ್ಯವಸ್ಥೆಯೇ ಇಲ್ಲದಂತೆ. ಚೀಟಿಗಳು ಎಣಿಸಿದಷ್ಟೇ ಇರುವುದರಲ್ಲಿ ಅದರ ಶಕ್ತಿ ಇದೆ.

ಇನ್ನು ಸಾಫ್ಟ್‌ವೇರಿನ ಕಡೆ ಬರೋಣ. ಕಾರ್ಖಾನೆಯಲ್ಲಿ ರಾಶಿ ಬಿದ್ದದ್ದು ಎಡವಿದರೆ ಕಾಲಿಗೆ ಸಿಗುತ್ತದೆ. ಅರ್ಧ ಬರೆದ ಕೋಡು, ಪರೀಕ್ಷೆಗೆ ಕಾದಿರುವ ಬದಲಾವಣೆ ಯಾರ ಕಣ್ಣಿಗೂ ಬೀಳೋದಿಲ್ಲ. 2004ರಲ್ಲಿ ಮೈಕ್ರೋಸಾಫ್ಟ್ ತನ್ನ ಒಳಬಳಕೆಯ ತಂತ್ರಾಂಶಗಳ ದುರಸ್ತಿಯನ್ನು ಹೈದರಾಬಾದಿನ ಒಂದು ಚಿಕ್ಕ ತಂಡಕ್ಕೆ ಗುತ್ತಿಗೆ ಕೊಟ್ಟಿತ್ತು. ಒಂದು ಕೋರಿಕೆ ಮುಗಿಯಲು ಸುಮಾರು ಐದು ತಿಂಗಳು ಹಿಡಿಯುತ್ತಿತ್ತು. ಬಾಕಿ ಬೆಳೆಯುತ್ತಲೇ ಇತ್ತು, ಕೆಟ್ಟ ಹೆಸರೂ ಬಂದಿತ್ತು. ಡ್ರಾಗೋಸ್ ಡುಮಿಟ್ರಿಯು ಎಂಬ ವ್ಯವಸ್ಥಾಪಕರು ಡೇವಿಡ್ ಆಂಡರ್ಸನ್ ಅವರ ನೆರವಿನಿಂದ ಕಾರಣ ಹುಡುಕಿದರು. ತಂಡದವರ ಕೈ ನಿಧಾನ ಇರಲಿಲ್ಲ. ಪ್ರತಿ ಹೊಸ ಕೋರಿಕೆ ಬಂದ ಕೂಡಲೇ ಕೈಯಲ್ಲಿದ್ದದ್ದು ಬಿಟ್ಟು ಅದರ ಖರ್ಚಿನ ಅಂದಾಜು ಬರೆದುಕೊಡಬೇಕಿತ್ತು. ಹೀಗೆ ಅಂದಾಜು ಮಾಡಿದ ಎಷ್ಟೋ ಕೆಲಸ ಆಮೇಲೆ ಶುರುವೇ ಆಗುತ್ತಿರಲಿಲ್ಲ.

ಅಂದಾಜು ಬರೆಯೋದನ್ನು ನಿಲ್ಲಿಸಿದರು. ಒಮ್ಮೆಗೆ ಇಷ್ಟೇ ಕೆಲಸ ಅಂತ ಮಿತಿ ಹಾಕಿದರು. ಜಾಗ ಖಾಲಿಯಾದಾಗ ಯಾವುದು ಮುಂದೆ ಬರಬೇಕು ಅನ್ನೋದನ್ನು ಕೋರಿಕೆ ಕಳಿಸುವವರೇ ಕೂತು ತೀರ್ಮಾನಿಸಬೇಕಾಯಿತು. ಕೋಡು ಬರೆಯುವ, ಪರೀಕ್ಷಿಸುವ ಕ್ರಮ ಮೊದಲಿನಂತೆಯೇ ಇತ್ತು. ಐದು ತಿಂಗಳ ಕಾಯುವಿಕೆ ಕೆಲವೇ ವಾರಗಳಿಗೆ ಇಳಿಯಿತು. 2005ರಲ್ಲಿ ಇಬ್ಬರೂ ಸೇರಿ ಇದರ ಮೇಲೆ ಪ್ರಬಂಧ ಬರೆದರು. ಅದರ ಶೀರ್ಷಿಕೆಯಲ್ಲಿ ಕಾನ್‌ಬಾನ್ ಪದವೇ ಇಲ್ಲ. ಕಲ್ಪನೆ ಮೊದಲು ಬಂತು, ಹೆಸರು ಆಮೇಲೆ.

ಹೆಸರಿನ ಕಥೆಯಲ್ಲೂ ಚೀಟಿಯೇ ಇದೆ. 2005ರ ವಸಂತದಲ್ಲಿ ಆಂಡರ್ಸನ್ ಟೋಕಿಯೊದ ಅರಮನೆ ಉದ್ಯಾನಕ್ಕೆ ಹೋಗಿದ್ದರು. ಒಳಗೆ ಹೋಗಲು ದುಡ್ಡಿಲ್ಲ, ಆದರೂ ಆಗ ಬಾಗಿಲಲ್ಲಿ ಒಂದು ಚೀಟಿ ಕೊಡುತ್ತಿದ್ದರು, ಹೊರಡುವಾಗ ವಾಪಸ್ ಪಡೆಯುತ್ತಿದ್ದರು. ಒಳಗೆ ಜನ ಮಿತಿ ಮೀರಬಾರದು ಅಂತ ಈ ಏರ್ಪಾಡು ಎಂದು ಅವರು ಅರ್ಥ ಮಾಡಿಕೊಂಡರು. ಮುಂದೆ ಅವರು ಸಿಯಾಟಲ್‌ನ ಕಾರ್ಬಿಸ್ ಕಂಪನಿಯಲ್ಲಿ ಇದೇ ವಿಧಾನ ಬೆಳೆಸಿದರು. 2010ರ ತಮ್ಮ ಪುಸ್ತಕದಲ್ಲಿ ಉದ್ಯಾನದ ಪ್ರಸಂಗ ಹೇಳಿ, ಗೋಡೆಗೆ ಕಾರ್ಡು ಅಂಟಿಸಿದ ಮಾತ್ರಕ್ಕೆ ಅದು ಕಾನ್‌ಬಾನ್ ಆಗೋದಿಲ್ಲ ಅಂತ ಎಚ್ಚರಿಸಿದರು.

ಆ ಎಚ್ಚರಿಕೆ ಹಿಂದೆ ಬಿತ್ತು. ಇವತ್ತು ಬಹಳ ತಂಡಗಳಲ್ಲಿ ಕಾನ್‌ಬಾನ್ ಅಂದ್ರೆ ಪರದೆಯ ಮೇಲಿನ ಮೂರು ಅಂಕಣ: ಮಾಡಬೇಕಾದದ್ದು, ಮಾಡುತ್ತಿರುವುದು, ಮುಗಿದದ್ದು. ಒಂದೊಂದು ಕೆಲಸಕ್ಕೂ ‘ಟಿಕೆಟ್’ ಅನ್ನುತ್ತಾರೆ. ಪದ ಹಳೆಯ ಚೀಟಿಯದೇ, ಅರ್ಥ ಮಾತ್ರ ತಿರುವುಮುರುವು. ಓನೊ ಅವರ ಚೀಟಿ ‘ನಮ್ಮಲ್ಲಿ ಜಾಗ ಇದೆ’ ಅಂತಿತ್ತು. ಇಂದಿನ ಟಿಕೆಟ್ ‘ನಮಗೆ ಇದು ಬೇಕು’ ಅನ್ನುತ್ತದೆ. ಜಾಗಕ್ಕೆ ಲೆಕ್ಕ ಉಂಟು, ಬೇಡಿಕೆಗೆ ಲೆಕ್ಕವಿಲ್ಲ.

ಈ ಪಲ್ಲಟದ ಬೆಲೆ ಎಷ್ಟು ಅನ್ನೋದು 1961ರಲ್ಲಿ ಜಾನ್ ಲಿಟಲ್ ಸಾಧಿಸಿ ತೋರಿಸಿದ ಸೂತ್ರದಿಂದ ತಿಳಿಯುತ್ತದೆ. ದಿನಕ್ಕೆ 3 ಕೆಲಸ ಮುಗಿಸುವ ತಂಡದ ಕೈಯಲ್ಲಿ 30 ಕೆಲಸ ಇದ್ದರೆ ಒಂದೊಂದಕ್ಕೂ ಸರಾಸರಿ 10 ದಿನ, 12 ಇದ್ದರೆ 4 ದಿನ. ಕೆಲಸದ ವೇಗ ಅದೇ, ಬದಲಾದದ್ದು ರಾಶಿಯ ಗಾತ್ರ. ಆದರೆ ತಡವಾದಾಗ ಬೈಗುಳ ತಿನ್ನೋದು ರಾಶಿಯಲ್ಲ, ಕುರ್ಚಿಯಲ್ಲಿ ಕೂತ ಮನುಷ್ಯ. ಹೊಸದಾಗಿ ಸೇರಿದ ಹುಡುಗಿ ಹಿರಿಯರ ಮುಂದೆ ‘ಆಗೋದಿಲ್ಲ ಸರ್’ ಅನ್ನೋದು ಕಷ್ಟ. ‘ಜಾಗ ಖಾಲಿಯಿಲ್ಲ ಸರ್, ಯಾವುದನ್ನು ತೆಗೆಯೋಣ ನೀವೇ ಹೇಳಿ’ ಅನ್ನೋದು ಅಷ್ಟು ಕಷ್ಟವಲ್ಲ. ಮಿತಿ ಆಕೆಗೆ ಆ ಮಾತು ಕೊಡುತ್ತದೆ.

ಹಾಗಾಗಿ ಕನ್ನಡದಲ್ಲಿ ಇದನ್ನು ‘ಕಾರ್ಯಫಲಕ’ ಅಂತ ಕರೆದರೆ ನಾವೂ ಬೋರ್ಡನ್ನು ಉಳಿಸಿಕೊಂಡು ಚೀಟಿಯನ್ನು ಬಿಟ್ಟಂತೆ. ‘ಮಿತಿಚೀಟಿ’ ಅನ್ನಬಹುದು ಅಂತ ನನ್ನ ಸಲಹೆ. ಇದಕ್ಕಿಂತ ಒಳ್ಳೆಯ ಪದ ನಿಮ್ಮ ನಿಮ್ಮ ಕಡೆಯ ಆಡುಮಾತಿನಲ್ಲಿ ಇದ್ದರೆ ಚರ್ಚೆಯಲ್ಲಿ ದಯವಿಟ್ಟು ಹೇಳಿ.