ಸಹ್ಯಾದ್ರಿಯ ಕಪ್ಪೆ, ದೆಹಲಿಯ ಪ್ರಯೋಗಾಲಯ

ಹಾಸನ ಜಿಲ್ಲೆಯ ಘಾಟಿಯಲ್ಲಿರುವ ಕೆಂಪುಹೊಳೆಯೂ ಚಿಕ್ಕಮಗಳೂರು ಜಿಲ್ಲೆಯ ಕೊಟ್ಟಿಗೆಹಾರವೂ ಜಗತ್ತಿನ ಪ್ರಾಣಿಶಾಸ್ತ್ರದ ಗ್ರಂಥಗಳಲ್ಲಿ ಸ್ಥಾನ ಪಡೆದಿವೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸಿ. ಆರ್. ನಾರಾಯಣ ರಾವ್ ಅವರು 1937ರಲ್ಲಿ ದಕ್ಷಿಣ ಭಾರತದ ಹೊಸ ಕಪ್ಪೆಗಳ ಬಗ್ಗೆ ಬರೆದಾಗ, ಎರಡು ಪುಟ್ಟ ಕಪ್ಪೆಗಳಿಗೆ ಈ ಊರುಗಳ ಹೆಸರಿಟ್ಟರು. ಅದಕ್ಕೂ ಮೊದಲು, 1920ರಲ್ಲಿ, ಕೊಡಗಿನಿಂದ ಒಂದು ಇರುಳು ಕಪ್ಪೆಯನ್ನು ವರ್ಣಿಸಿದ್ದರು. 1932ರಲ್ಲಿ ಬೆಂಗಳೂರಿನಿಂದ ಹೊರಟ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ಮಲೆನಾಡಿನ ಹಳ್ಳಕೊಳ್ಳಗಳಲ್ಲಿ ಇರುವ ಜೀವಗಳನ್ನು ಮೈಸೂರು ಸೀಮೆಯಲ್ಲೇ ಕೂತು ಪಟ್ಟಿ ಮಾಡಬಹುದು ಎಂಬುದನ್ನು ಮಾಡಿ ತೋರಿಸಿದವರು.

ಆದರೆ ರಾವ್ ಅವರು ಸ್ಪಿರಿಟ್ಟಿನಲ್ಲಿ ಇಟ್ಟಿದ್ದ ಮೂಲ ಮಾದರಿಗಳು ಉಳಿಯಲಿಲ್ಲ. ಕಾಲೇಜಿನ ಸಂಗ್ರಹದಲ್ಲಿದ್ದ ಆ ಕಪ್ಪೆಗಳು ಯಾವಾಗಲೋ ಕಳೆದುಹೋದವು. ಪ್ರಾಣಿಶಾಸ್ತ್ರದಲ್ಲಿ ಇದು ಸಣ್ಣ ನಷ್ಟವಲ್ಲ. ಜಮೀನಿಗೆ ಬಾಂದುಕಲ್ಲು ಹೇಗೋ ಪ್ರಭೇದದ ಹೆಸರಿಗೆ ಮೂಲ ಮಾದರಿ ಹಾಗೆ. ‘ಈ ಹೆಸರು ಇದರದ್ದು’ ಎಂದು ಬೆರಳು ಮಾಡಿ ತೋರಿಸಲು ಆ ಒಂದು ದೇಹ ಬೇಕು. ಅದು ಹೋದ ಮೇಲೆ ಉಳಿಯುವುದು ಕೆಲವು ಸಾಲುಗಳ ವರ್ಣನೆ, ಊರಿನ ಹೆಸರು, ಅದೃಷ್ಟವಿದ್ದರೆ ಒಂದು ಚಿತ್ರ. ಕಂದು ಬಣ್ಣದ, ಹೆಬ್ಬೆರಳಿನ ತುದಿಯಷ್ಟಿರುವ ಕಪ್ಪೆಗಳಲ್ಲಿ ಆ ಸಾಲುಗಳು ಎಷ್ಟಕ್ಕೋ ಹೊಂದುತ್ತವೆ.

ಇಂದು ಸಹ್ಯಾದ್ರಿಯ ಕಪ್ಪೆಗಳ ವರ್ಗೀಕರಣವನ್ನು ಹೊಸದಾಗಿ ಕಟ್ಟಿದ ಕೇಂದ್ರಗಳಲ್ಲಿ ಮುಖ್ಯವಾದದ್ದು ಪಶ್ಚಿಮ ಘಟ್ಟದಿಂದ ಬಹುದೂರ, ದೆಹಲಿ ವಿಶ್ವವಿದ್ಯಾಲಯದ ಪರಿಸರ ಅಧ್ಯಯನ ವಿಭಾಗದಲ್ಲಿದೆ. ಎಸ್. ಡಿ. ಬಿಜು ಅಲ್ಲಿ ಕಟ್ಟಿದ ಪ್ರಯೋಗಾಲಯದಿಂದ ಎರಡು ದಶಕಗಳಲ್ಲಿ ನೂರರ ಸಮೀಪದಷ್ಟು ಹೊಸ ಪ್ರಭೇದಗಳು ಹೊರಬಂದಿವೆ. ಎಣಿಕೆಗಿಂತ ನನಗೆ ಮುಖ್ಯವೆನಿಸುವುದು ಅವರು ಹಿಡಿದ ದಾರಿ. ಜೀನುಗಳ ಪರೀಕ್ಷೆ ಬಂದ ಮೇಲೆ ಅಳತೆಪಟ್ಟಿ, ಭೂತಗನ್ನಡಿ, ಹಳೆಯ ಪುಸ್ತಕಗಳಿಗೆ ಕೆಲಸವಿಲ್ಲ ಎಂದು ಹಲವರು ಎಣಿಸಿದ್ದರು. ನಡೆದದ್ದು ತದ್ವಿರುದ್ಧ. ಡಿಎನ್‌ಎ ಸಂಶೋಧಕರನ್ನು ಮತ್ತೆ ರಾವ್ ಅವರ ಪುಟಗಳಿಗೆ, ಲಂಡನ್ನಿನ ಮ್ಯೂಸಿಯಮ್ಮಿನ ಜಾಡಿಗಳಿಗೆ, ಕೆಂಪುಹೊಳೆಯ ಕಲ್ಲುಗಳ ಸಂದಿಗೆ ಕಳಿಸಿತು. ಎರಡು ಕಪ್ಪೆ ಬೇರೆಬೇರೆ ಎಂದು ಡಿಎನ್‌ಎ ಹೇಳಬಲ್ಲದು. ಅವುಗಳಲ್ಲಿ ರಾವ್ ಕಂಡದ್ದು ಯಾವುದು ಎಂದು ಹೇಳಲಾರದು.

ರೂಪವನ್ನೇ ನಂಬಿದ ಕಾಲದ ಅಡಿಪಾಯ ಹಾಕಿದವರು ಹತ್ತೊಂಬತ್ತನೆಯ ಶತಮಾನದ ಪ್ರಾಣಿಶಾಸ್ತ್ರಜ್ಞರಾದ ಜೆರ್ಡನ್, ಗುಂಥರ್, ಬೆಡೋಮ್, ಬೂಲೆಂಜರ್. ಇರುಳು ಕಪ್ಪೆಗಳ ಕುಲ ನಿಕ್ಟಿಬಟ್ರಾಕಸ್‌ಗೆ ಬೂಲೆಂಜರ್ 1882ರಲ್ಲಿ ಹೆಸರಿಟ್ಟರು. 1890ರ ಅವರ ಸಂಪುಟ ಬಹುಕಾಲ ಭಾರತದ ಕಪ್ಪೆಗಳಿಗೆ ಕೈಪಿಡಿಯಾಗಿತ್ತು. ಮೂತಿಯ ಉದ್ದ, ಬೆರಳ ನಡುವಿನ ಪೊರೆ, ತೊಡೆಯ ಗ್ರಂಥಿ, ಬೆರಳ ತುದಿಯ ತಟ್ಟೆ, ಇವೇ ಆಗಿನ ಆಧಾರ. ಆ ಕೆಲಸ ಕೀಳಲ್ಲ. ಅವರು ಗುರುತಿಸಿದ ಕುಲಗಳಲ್ಲಿ ಹಲವು ಇಂದಿಗೂ ನಿಂತಿವೆ. ಎಡವಿದ್ದು ಎರಡು ಕಡೆ. ಒಂದೇ ಬಗೆಯ ತೊರೆಯಲ್ಲಿ ಬದುಕುವ ದೂರದ ನೆಂಟರು ಒಂದೇ ರೂಪಕ್ಕೆ ಬರುತ್ತಾರೆ. ಹಾಗೆಯೇ ಒಂದೇ ಜೀವಿ ತನ್ನ ಬಾಳಿನ ಎರಡು ಹಂತಗಳಲ್ಲಿ ಎರಡು ರೂಪ ತಾಳುತ್ತದೆ.

ಈ ಎರಡನೆಯ ತೊಡಕಿಗೆ ನೆಲ್ಸನ್ ಅನ್ನಾಂಡೇಲ್ ಅವರ ಬರಹಗಳೇ ಸಾಕ್ಷಿ. ಭಾರತೀಯ ಪ್ರಾಣಿ ಸರ್ವೇಕ್ಷಣೆಯ ಮೊದಲ ನಿರ್ದೇಶಕರಾದ ಅವರು 1911ರಲ್ಲಿ ನಮ್ಮ ಸಿಹಿನೀರಿನ ಸ್ಪಂಜು, ಹೈಡ್ರಾಯ್ಡ್ ಮತ್ತು ಪಾಲಿಜೋವಾಗಳ ಮೇಲೆ ಒಂದು ಸಂಪುಟ ಬರೆದಿದ್ದರು. ಹೈಡ್ರಾಯ್ಡ್ ಎಂದರೆ ಬಂಡೆಗೋ ಪಾಚಿಗೋ ಅಂಟಿ ಬೆಳೆಯುವ, ಪುಟ್ಟ ಗಿಡದಂತೆ ಕಾಣುವ ಪ್ರಾಣಿಗುಂಪು. ಸಮುದ್ರದ ಹಲವು ಬಗೆಗಳಲ್ಲಿ ಅದರಿಂದ ಮೊಗ್ಗೊಡೆದು ಬಿಡುಗಡೆಯಾಗುವ ಮರಿ ಲೋಳಿಮೀನು ತೇಲಿಹೋಗುತ್ತದೆ. ಅಂಟಿಕೊಂಡಿದ್ದನ್ನು ನೋಡಿದವರು ಒಂದು ಹೆಸರಿಟ್ಟರು, ತೇಲುವುದನ್ನು ಬಲೆಯಲ್ಲಿ ಹಿಡಿದವರು ಇನ್ನೊಂದು. ಹತ್ತೊಂಬತ್ತನೆಯ ಶತಮಾನವಿಡೀ ಒಂದೇ ಪ್ರಾಣಿಗೆ ಎರಡು ವರ್ಗೀಕರಣಗಳು ಅಕ್ಕಪಕ್ಕದಲ್ಲಿ ಬೆಳೆದವು.

ಇದೇ ಅನ್ನಾಂಡೇಲ್ 1917–18ರ ಸುಮಾರಿಗೆ ನಾರಾಯಣ ರಾವ್ ಅವರೊಂದಿಗೆ ದಕ್ಷಿಣದ ಬೆಟ್ಟಗಳ ಗೊದಮೊಟ್ಟೆಗಳನ್ನು ಪರಿಶೀಲಿಸಿದರು. ಅವುಗಳಲ್ಲಿ ಒಂದು ಬಗೆಯದು ಬಾಯಿಯನ್ನು ಬಂಡೆಗೆ ಹೀರುಬಟ್ಟಲಂತೆ ಒತ್ತಿಕೊಂಡು ರಭಸದ ನೀರಿನಲ್ಲಿ ನಿಲ್ಲುತ್ತಿತ್ತು. ಅದರ ತಾಯಿತಂದೆ ಯಾವ ಕಪ್ಪೆಯೆಂದು ಎಂಬತ್ತಕ್ಕೂ ಹೆಚ್ಚು ವರ್ಷ ತಿಳಿಯಲಿಲ್ಲ. 2003ರ ಅಕ್ಟೋಬರಿನಲ್ಲಿ ಬಿಜು ಮತ್ತು ಬೆಲ್ಜಿಯಮ್ಮಿನ ಫ್ರಾಂಕಿ ಬೊಸ್ಸಾಯ್ಟ್ ‘ನೇಚರ್’ ಪತ್ರಿಕೆಯಲ್ಲಿ ನಾಸಿಕಬಟ್ರಾಕಸ್ ಸಹ್ಯಾದ್ರೆನ್ಸಿಸ್ ಎಂಬ ನೇರಳೆ ಕಪ್ಪೆಯನ್ನು ಪ್ರಕಟಿಸಿದರು. ಇಡುಕ್ಕಿಯ ಈ ಕಪ್ಪೆ ವರ್ಷದ ಬಹುಪಾಲು ನೆಲದೊಳಗೆ ಗೆದ್ದಲು ತಿಂದುಕೊಂಡಿದ್ದು, ಮಳೆಗಾಲದ ಆರಂಭದಲ್ಲಿ ಸ್ವಲ್ಪ ದಿನ ಮಾತ್ರ ಮೊಟ್ಟೆಯಿಡಲು ಮೇಲೆ ಬರುತ್ತದೆ. ಆ ಬಗೆಯ ಗೊದಮೊಟ್ಟೆ ಇದರದ್ದೇ ಎಂದು ಡಿಎನ್‌ಎ ಹೋಲಿಕೆಯಿಂದ ಖಚಿತವಾಯಿತು.

ನೇರಳೆ ಕಪ್ಪೆ ಈ ಕ್ಷೇತ್ರಕ್ಕೆ ತಿರುವು ಕೊಟ್ಟಿತು. ಅದರ ಉಬ್ಬಿದ ಮೈ, ಚೂಪು ಮೂತಿ ಕಂಡವರಿಗೆ ನೆಲ ಬಗೆಯುವ ಮತ್ತೊಂದು ಕಪ್ಪೆ ಎನಿಸುತ್ತದೆ. ಜೀನುಗಳು ತೋರಿಸಿದ ಹತ್ತಿರದ ನೆಂಟರು ಹಿಂದೂ ಮಹಾಸಾಗರದಾಚೆ, ಸೇಶೆಲ್ಸ್ ದ್ವೀಪಗಳಲ್ಲಿದ್ದರು. ಈ ವಂಶ ಬೇರ್ಪಟ್ಟು ಸುಮಾರು 13 ಕೋಟಿ ವರ್ಷವಾಗಿದೆ ಎಂಬುದು ಆಗಿನ ಅಂದಾಜು. ಅದಕ್ಕೊಂದು ಹೊಸ ಕುಟುಂಬವನ್ನೇ ಕಟ್ಟಬೇಕಾಯಿತು. 1926ರ ಬಳಿಕ ಹೊಸ ಕಪ್ಪೆಯೊಂದನ್ನು ಕಂಡು ಹೊಸ ಕುಟುಂಬ ಕಟ್ಟಿದ್ದು ಅದೇ ಮೊದಲೆಂದು ಆಗ ವರದಿಯಾಯಿತು. ಇದಕ್ಕೆ ನೆಲ ಹದ ಮಾಡಿದ್ದು ಬೊಸ್ಸಾಯ್ಟ್ ಮತ್ತು ಜೊತೆಗಾರರ ಹಿಂದಿನ ಕೆಲಸ. ಮಡಗಾಸ್ಕರದ ಮತ್ತು ಏಷ್ಯಾದ ಕಪ್ಪೆಗಳು ಪ್ರತ್ಯೇಕವಾಗಿಯೇ ಒಂದೇ ಬಗೆಯ ರೂಪಗಳಿಗೆ ಬಂದಿವೆ ಎಂದು ಅವರು 2000ದಲ್ಲಿ ತೋರಿಸಿದ್ದರು. 2004ರಲ್ಲಿ ನಮ್ಮ ಇರುಳು ಕಪ್ಪೆ, ಕುಣಿಯುವ ಕಪ್ಪೆಗಳ ಕುಲಗಳೂ ಬಹು ಪುರಾತನ ಕವಲುಗಳೆಂದು ತಿಳಿಯಿತು.

ಇಲ್ಲಿ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಳೆಗಾಲದ ರಾತ್ರಿ, ತಲೆಗೆ ಟಾರ್ಚು ಕಟ್ಟಿಕೊಂಡು ತೊರೆಯಲ್ಲಿ ನಡೆದು, ಮೊದಲು ಕೂಗನ್ನು ಧ್ವನಿಮುದ್ರಿಸುತ್ತಾರೆ. ಆಮೇಲೆ ಕಪ್ಪೆಯನ್ನು ಹಿಡಿದು ಜೀವಂತ ಬಣ್ಣದ ಫೋಟೊ ತೆಗೆಯುತ್ತಾರೆ, ಏಕೆಂದರೆ ಸ್ಪಿರಿಟ್ಟಿನಲ್ಲಿ ಬಣ್ಣ ನಿಲ್ಲುವುದಿಲ್ಲ. ಫಾರ್ಮಾಲಿನ್ ಡಿಎನ್‌ಎಯನ್ನು ಕೆಡಿಸುವುದರಿಂದ, ಅದು ಸೋಕುವ ಮೊದಲೇ ಚೂರು ಮಾಂಸ ಆಲ್ಕೋಹಾಲಿಗೆ ಹೋಗಬೇಕು. ಹಳೆಯ ಮ್ಯೂಸಿಯಮ್ ಮಾದರಿಗಳಿಂದ ಜೀನು ಓದುವುದು ಕಷ್ಟವಾದದ್ದಕ್ಕೆ ಇದೂ ಒಂದು ಕಾರಣ. ದೇಹಕ್ಕೆ ಸಂಖ್ಯೆಯ ಚೀಟಿ ಕಟ್ಟಿ, ಹತ್ತಾರು ಅಳತೆಗಳನ್ನು ಮಿಲಿಮೀಟರಿನ ಹತ್ತನೆಯ ಭಾಗದವರೆಗೆ ಬರೆದಿಡುತ್ತಾರೆ.

ಪ್ರಯೋಗಾಲಯದಲ್ಲಿ ಹೆಚ್ಚಾಗಿ ಓದುವುದು ಮೈಟೊಕಾಂಡ್ರಿಯದ 16ಎಸ್ ಎಂಬ ಜೀನಿನ ಸುಮಾರು 500 ಅಕ್ಷರಗಳ ತುಂಡನ್ನು. ಪ್ರಾಣಿಲೋಕದ ಬಹುಭಾಗಕ್ಕೆ ಸಿಒಐ ಎಂಬ ಬೇರೊಂದು ಜೀನು ಬಳಕೆಯಲ್ಲಿದೆ. ಕಪ್ಪೆಗಳಲ್ಲಿ ಆ ಜೀನಿನ ಓದು ಶುರುಮಾಡಲು ಬೇಕಾದ ಹಿಡಿಕೆಯ ಜಾಗಗಳೇ ಪ್ರಭೇದದಿಂದ ಪ್ರಭೇದಕ್ಕೆ ಬದಲಾಗುವುದರಿಂದ ಅದು ಪದೇಪದೇ ಕೈಕೊಡುತ್ತದೆ ಎಂದು 2005ರಲ್ಲಿ ಮಿಗೆಲ್ ವೆನ್ಸೆಸ್ ಮತ್ತು ಸಂಗಡಿಗರು ತೋರಿಸಿದರು. ಹೈಡ್ರಾಯ್ಡ್ ಅಭ್ಯಾಸ ಮಾಡುವವರೂ ನೆಚ್ಚಿಕೊಂಡಿರುವುದು ಇದೇ 16ಎಸ್ ಅನ್ನು. ಮುಪ್ಪಾದ ಮೇಲೆ ಮತ್ತೆ ಎಳೆಯ ಹಂತಕ್ಕೆ ಮರಳಬಲ್ಲ ಟರಿಟಾಪ್ಸಿಸ್ ಲೋಳಿಮೀನನ್ನು ಬಹುಕಾಲ ಒಂದೇ ಹೆಸರಿನಲ್ಲಿ ಕರೆಯುತ್ತಿದ್ದರು. 2007ರ 16ಎಸ್ ಅಧ್ಯಯನ ಅದನ್ನು ಹಲವು ಪ್ರಭೇದಗಳಾಗಿ ಬಿಡಿಸಿತು.

ಕಪ್ಪೆಗಳ 16ಎಸ್‌ನಲ್ಲಿ ಶೇ. 3ರಷ್ಟು ವ್ಯತ್ಯಾಸ ಕಂಡರೆ ಬೇರೆ ಪ್ರಭೇದವಿರಬಹುದೆಂದು ಅನುಮಾನಿಸುವ ರೂಢಿಯಿದೆ. ಅದು ಅನುಮಾನ ಮಾತ್ರ. ಒಂದೇ ಪ್ರಭೇದದ ದೂರದ ಗುಂಪುಗಳಲ್ಲಿ ಅಷ್ಟು ವ್ಯತ್ಯಾಸ ಇರಬಹುದು. ಇತ್ತೀಚೆಗೆ ಕವಲೊಡೆದ ಎರಡು ಪ್ರಭೇದಗಳಲ್ಲಿ ಅದಕ್ಕಿಂತ ಕಡಿಮೆಯೂ ಇರಬಹುದು. ಆಗ ಕೂಗು, ಪೊರೆ, ಗೊದಮೊಟ್ಟೆ, ಮೊಟ್ಟೆಯಿಡುವ ರೀತಿ ಎಲ್ಲವನ್ನೂ ಸಾಕ್ಷಿಗೆ ಕರೆಯಬೇಕಾಗುತ್ತದೆ.

ಈ ಪದ್ಧತಿಯ ದೊಡ್ಡ ಪರೀಕ್ಷೆ 2011ರಲ್ಲಿ ನಡೆಯಿತು. ಬಿಜು, ಬೊಸ್ಸಾಯ್ಟ್, ಕೆ. ಪಿ. ದಿನೇಶ್ ಮೊದಲಾದವರು ಇರುಳು ಕಪ್ಪೆಗಳ ಇಡೀ ಕುಲವನ್ನು ಮರುಪರಿಶೀಲಿಸಿ 12 ಹೊಸ ಪ್ರಭೇದಗಳನ್ನು ಪ್ರಕಟಿಸಿದರು. ಜೋಗದ ಹೆಸರಿನದೂ ಅವುಗಳಲ್ಲಿ ಒಂದು. ನನ್ನ ಮಟ್ಟಿಗೆ ಆ ಲೇಖನದ ಹೆಚ್ಚುಗಾರಿಕೆ ಹೊಸ ಹೆಸರುಗಳಿಗಿಂತ ಹಳೆಯ ಹೆಸರುಗಳನ್ನು ಬಿಡಿಸಿದ್ದರಲ್ಲಿದೆ. ರಾವ್ 1920ರಲ್ಲಿ ವರ್ಣಿಸಿದ ಕೊಡಗಿನ ಇರುಳು ಕಪ್ಪೆ 91 ವರ್ಷಗಳ ನಂತರ ಮತ್ತೆ ಗುರುತು ಪಡೆಯಿತು. ಹಿಂದಿನ ವರ್ಷದ ನವೆಂಬರಿನಲ್ಲಿ ದೆಹಲಿಯಿಂದ ‘ಲಾಸ್ಟ್! ಆಂಫಿಬಿಯನ್ಸ್ ಆಫ್ ಇಂಡಿಯಾ’ ಎಂಬ ಅಭಿಯಾನ ಹೊರಟಿತ್ತು. ದಶಕಗಳಿಂದ ಯಾರೂ ಕಾಣದ ಕಪ್ಪೆಗಳ ಪಟ್ಟಿ ಹಿಡಿದು ಆಸಕ್ತರು ಮೂಲ ಊರುಗಳಿಗೇ ಹೋಗಿ ಹುಡುಕುವ ಕೆಲಸ ಅದು.

2010ರಲ್ಲೇ ಇನ್ನೊಂದು ಕೆಲಸವಾಗಿತ್ತು. ಆನೆಮುಡಿ ಶಿಖರದ ಹುಲ್ಲುಗಾವಲಿನಲ್ಲಿ ಕೆಂಪು ಕಿತ್ತಳೆ ಬಣ್ಣದ, ಗಿಡ್ಡ ಕಾಲಿನ, ನೆಲದ ಮೇಲೇ ತೆವಳುವ ಕಪ್ಪೆಯೊಂದು ಸಿಕ್ಕಿತು. ರೂಪ ನೋಡಿದರೆ ಮರಗಪ್ಪೆಗಳ ಬಳಗಕ್ಕೆ ಸೇರುವಂತಿರಲಿಲ್ಲ. ಜೀನುಗಳು ಅದನ್ನು ಅಲ್ಲಿಗೇ ಸೇರಿಸಿದವು. ಆ ಲೇಖನದಲ್ಲೇ ಪೊದೆಗಪ್ಪೆಗಳ ದೊಡ್ಡ ಗುಂಪೊಂದನ್ನು ಹೊಸ ಕುಲವಾಗಿ ಬೇರ್ಪಡಿಸಿ, ನಾರಾಯಣ ರಾವ್ ಅವರ ಗೌರವಕ್ಕಾಗಿ ರಾವೊರ್ಕೆಸ್ಟಿಸ್ ಎಂದು ಕರೆದರು. ಪ್ರಕಟವಾದದ್ದು ‘ಕರೆಂಟ್ ಸೈನ್ಸ್’ನಲ್ಲಿ. ಮಾದರಿಗಳನ್ನು ಕಳೆದುಕೊಂಡ ಆ ವಿದ್ವಾಂಸರಿಗೆ ಅವರೇ ಸಂಪಾದಿಸಿದ ಪತ್ರಿಕೆಯಲ್ಲಿ ಸಂದ ಈ ಗೌರವ ಕನ್ನಡನಾಡಿನಲ್ಲಿ ಇನ್ನಷ್ಟು ಜನರಿಗೆ ತಿಳಿಯಬೇಕಿತ್ತು.

ಮುಂದಿನ ವರ್ಷಗಳು ವೇಗವಾಗಿ ಸರಿದವು. 2012ರಲ್ಲಿ ದೆಹಲಿಯ ತಂಡ ಈಶಾನ್ಯದ ಮಣ್ಣು ಅಗೆದು ಚಿಕಿಲಿಡೇ ಎಂಬ ಕಾಲಿಲ್ಲದ ಉಭಯಚರಗಳ ಕುಟುಂಬವನ್ನು ಗುರುತಿಸಿತು. ಅದರ ನೆಂಟರು ಆಫ್ರಿಕಾದವರು. 2014ರಲ್ಲಿ ಕುಣಿಯುವ ಕಪ್ಪೆಗಳಲ್ಲಿ 14 ಹೊಸ ಪ್ರಭೇದಗಳು ಬಂದವು. ತೊರೆಯ ಸದ್ದಿನಲ್ಲಿ ಕೂಗು ಕೇಳಿಸದ ಕಡೆ ಇವುಗಳ ಗಂಡು ಹಿಂಗಾಲು ಚಾಚಿ ಬಾವುಟದಂತೆ ಬೀಸುತ್ತದೆ. 2017ರಲ್ಲಿ ಸೊನಾಲಿ ಗರ್ಗ್ ಮತ್ತು ಜೊತೆಗಾರರು ಏಳು ಇರುಳು ಕಪ್ಪೆಗಳನ್ನು ಸೇರಿಸಿ ಕುಲದ ಸಂಖ್ಯೆಯನ್ನು 35ಕ್ಕೆ ಏರಿಸಿದರು. ಅವುಗಳಲ್ಲಿ ನಾಲ್ಕು 16 ಮಿಲಿಮೀಟರಿಗಿಂತ ಚಿಕ್ಕವು.

ದೆಹಲಿಯೊಂದೇ ಈ ಕೆಲಸ ಮಾಡಿತು ಎಂದರೆ ತಪ್ಪಾಗುತ್ತದೆ. ಮಂಗಳೂರಿನ ಸಂಶೋಧಕರೂ ಜಪಾನಿನ ಹಿರೋಶಿಮಾದವರೂ ಕೂಡಿ 2007ರಲ್ಲೇ ಮೂಡಿಗೆರೆ, ಕುದುರೆಮುಖ ಮೊದಲಾದ ಕಡೆಯ ಗದ್ದೆಗಪ್ಪೆಗಳಲ್ಲಿ ನಾಲ್ಕು ಹೊಸ ಪ್ರಭೇದಗಳನ್ನು ಬಿಡಿಸಿದ್ದರು. ಆಗ ಅವುಗಳ ಕುಲ ಫೆಜೆರ್ವಾರ್ಯ. 2018ರ ಹೊಸ ವಂಶವೃಕ್ಷದ ನಂತರ ಮಿನೆರ್ವಾರ್ಯ. ಹೆಸರು ಹೀಗೆ ಬದಲಾಗುವುದು ಕ್ಷೇತ್ರದಲ್ಲಿ ದುಡಿಯುವವರಿಗೆ ಕಿರಿಕಿರಿ ನಿಜ, ಆದರೆ ಕುಲದ ಹೆಸರು ಬದಲಾದರೂ ಪ್ರಭೇದದ ಗುರುತು ಕದಲಲಿಲ್ಲ, ಏಕೆಂದರೆ ಮಾದರಿಗಳು ಭದ್ರವಾಗಿದ್ದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ಪಿ. ವಿಜಯಕುಮಾರ್, ಕಾರ್ತಿಕ್ ಶಂಕರ್ ತಂಡ 2014ರಲ್ಲಿ ಒಂಬತ್ತು ಪೊದೆಗಪ್ಪೆಗಳನ್ನು ಪ್ರಕಟಿಸಿತು. ಕೊಡಗಿಗೆ ಹೊಂದಿಕೊಂಡ ವಯನಾಡಿನಿಂದ 2019ರಲ್ಲಿ ಅದೇ ತಂಡ ಅಸ್ಟ್ರೋಬಟ್ರಾಕಸ್ ಎಂಬ ಪುರಾತನ ಕವಲನ್ನೂ, ದೆಹಲಿಯವರು ಮಿಸ್ಟಿಸೆಲ್ಲಸ್ ಎಂಬ ಬೇರೊಂದು ಕುಲವನ್ನೂ ಪ್ರಕಟಿಸಿದರು. ಮಂಗಳೂರಿನ ಹಳೆಯ ಮರದ ಡಿಪೋ ಜಾಗದಲ್ಲಿ ಸಿಕ್ಕ ಕೊಡಿಯಾಲ್ ಕಪ್ಪೆಯ ಜೀನುಗಳು ಆಗ್ನೇಯ ಏಷ್ಯಾದ ಕಡೆ ಬೊಟ್ಟು ಮಾಡಿದಾಗ, ಹಡಗಿನಲ್ಲಿ ಬಂದ ದಿಮ್ಮಿಗಳ ಜೊತೆ ಬಂದಿರಬಹುದೇ ಎಂದು 2018ರಲ್ಲಿ ಅದನ್ನು ವರ್ಣಿಸಿದವರೇ ಕೇಳಿದರು.

ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಉತ್ತರ ಕನ್ನಡದ ಕತ್ತಲೆಕಾನಿನ ಕುಂಬಾರ ಕಪ್ಪೆ. ಕೆ. ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಇದನ್ನು ವರ್ಣಿಸಿದರು. ರಾಮಪತ್ರೆ ಜಡ್ಡಿಯ (ಜೌಗುಕಾಡಿನ) ತೊರೆಯಲ್ಲಿ ಹೆಣ್ಣು ಮುಂಗಾಲ ಮೇಲೆ ತಲೆಕೆಳಗಾಗಿ ನಿಂತು, ನೀರಿನ ಮೇಲಿನ ಕಡ್ಡಿಗೋ ಕಲ್ಲಿಗೋ ಮೊಟ್ಟೆ ಅಂಟಿಸುತ್ತದೆ. ಗಂಡು ತೊರೆಯಿಂದ ಕೆಸರೆತ್ತಿ, ಹಿಂಗಾಲ ಮೇಲೆ ನಿಂತು, ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಅದೇ ಸೀಮೆಯಲ್ಲಿರುವ ಜೋಗದ ಇರುಳು ಕಪ್ಪೆ ಹೀಗೆ ಮಾಡುವುದಿಲ್ಲ. ಇಲ್ಲಿ ಜೀನು, ಕೂಗು, ದೇಹ, ನಡವಳಿಕೆ ನಾಲ್ಕೂ ಒಂದೇ ತೀರ್ಪು ಕೊಟ್ಟವು. ರಾತ್ರಿಗಟ್ಟಲೆ ತೊರೆಯ ಬಳಿ ಕಾದು ಕೂರದಿದ್ದರೆ ನಾಲ್ಕನೆಯ ಸಾಕ್ಷಿ ಯಾವ ಯಂತ್ರಕ್ಕೂ ದಕ್ಕುತ್ತಿರಲಿಲ್ಲ.

ದೆಹಲಿಯ ತಂಡ ಪೊದೆಗಪ್ಪೆಗಳ ಮೇಲೆ 2021ರಲ್ಲಿ ಮಾಡಿದ ವಿಸ್ತಾರವಾದ ಅಧ್ಯಯನದಲ್ಲೂ ಇದೇ ಕ್ರಮ. ಐದು ಹೊಸ ಪ್ರಭೇದಗಳ ಜೊತೆಗೆ, ಡಿಎನ್‌ಎ, ಕೂಗು, ರೂಪಗಳನ್ನು ಒಟ್ಟಿಗಿಟ್ಟು ಇಡೀ ಕುಲವನ್ನು ಗುಂಪುಗಳಾಗಿ ಕಟ್ಟಿದರು. ಹೊಸದಾಗಿ ಕಲಿಯಲು ಬರುವ ಹುಡುಗ ಹುಡುಗಿಯರಿಗೆ ಇಂಥ ಚೌಕಟ್ಟು ಒಂಟಿ ಹೆಸರುಗಳಿಗಿಂತ ಉಪಕಾರಿ.

ಒಂದು ಹೆಸರು ಐದಾದಾಗ ಪ್ರತಿಯೊಂದರ ನೆಲ ಕಿರಿದಾಗುತ್ತದೆ. ಆನೆಮುಡಿಯ ಕಿತ್ತಳೆ ಕಪ್ಪೆಗೆ ಮೂರು ಚದರ ಕಿಲೋಮೀಟರಿಗೂ ಕಡಿಮೆ ಜಾಗವಿದೆ. 2017ರ ಏಳರಲ್ಲಿ ಒಂದು ಸಿಕ್ಕಿದ್ದು ಜಲವಿದ್ಯುತ್ ಯೋಜನೆಗಾಗಿ ದಶಕಗಳ ಜಗಳ ಕಂಡ ಅದಿರಪಿಳ್ಳಿ ಜಲಪಾತದ ಬಳಿ. ಜಗತ್ತಿನ ಉಭಯಚರಗಳಲ್ಲಿ ಶೇ. 41ರಷ್ಟು ಅಪಾಯದಲ್ಲಿವೆ ಎಂಬ 2023ರ ಮೌಲ್ಯಮಾಪನ ಎಣಿಸಿದ್ದು ಹೆಸರಿರುವ ಪ್ರಭೇದಗಳನ್ನು ಮಾತ್ರ. ಶರಾವತಿ ಕಣಿವೆಯಲ್ಲಿ ಹೊಸ ಯೋಜನೆಗೆ ಪರಿಸರ ವರದಿ ಬರೆಯುವವರು ‘ಇರುಳು ಕಪ್ಪೆ’ ಎಂದು ಒಂದು ಸಾಲು ಬರೆದು ಮುಗಿಸಬಾರದು. ಜೋಗದ್ದು ಯಾವುದು, ಕುಂಬಾರ ಯಾವುದು, ಎರಡೂ ಎಲ್ಲೆಲ್ಲಿವೆ ಎಂದು ಮಳೆಗಾಲದಲ್ಲಿ ಹೋಗಿ ನೋಡಿ ಬೇರೆಬೇರೆಯಾಗಿ ಬರೆಯಬೇಕು. ಹಾಗೆ ಬರೆಯಲು ಬೇಕಾದ ವರ್ಣನೆ, ಕೂಗಿನ ದಾಖಲೆ, ಜೀನಿನ ಅಕ್ಷರಗಳು ಎಲ್ಲವೂ ಈಗ ಅಚ್ಚಾಗಿ ಕೈಗೆ ಸಿಗುತ್ತವೆ.