ಮೈಬಣ್ಣ, ಚಲನೆ ಮತ್ತು ಮಣಿಕಟ್ಟಿನ ನಾಡಿಮಾಪನ: ಒಂದು ತೀರ್ಮಾನದ ಮರುಪರಿಶೀಲನೆ

ಸ್ಮಾರ್ಟ್‌ವಾಚ್‌ನ ಹಸಿರು ಬೆಳಕು ಚರ್ಮದೊಳಗೆ ಹೊಕ್ಕು, ಬಡಿತಬಡಿತಕ್ಕೂ ರಕ್ತ ಏರಿಳಿದಂತೆ ಹೆಚ್ಚುಕಡಿಮೆಯಾಗಿ ಮರಳುತ್ತದೆ. ಆ ಏರಿಳಿತವನ್ನು ಎಣಿಸಿಯೇ ಸಾಧನ ಹೃದಯ ಬಡಿತದ ಅಂಕಿ ತೋರಿಸುವುದು. ಆಲ್ರಿಕ್ ಹರ್ಟ್ಜ್‌ಮನ್ 1930ರ ದಶಕದಲ್ಲೇ ಈ ತತ್ವದ ಮೇಲೆ ಕೆಲಸ ಮಾಡಿದ್ದರು. ಸುಮ್ಮನೆ ಕೂತಾಗ ಇಂಥ ಸಾಧನಗಳು ಇಸಿಜಿಗೆ ಹತ್ತಿರದ ಅಂಕಿ ಕೊಡುತ್ತವೆ, ಕೈ ಅಲುಗಿದಾಗ ತಪ್ಪು ಹೆಚ್ಚುತ್ತದೆ ಎಂಬುದನ್ನು ಈಗ ಎಲ್ಲರೂ ಒಪ್ಪುತ್ತಾರೆ. ತಕರಾರು ಉಳಿದಿರುವುದು ಮೈಬಣ್ಣದ ವಿಷಯದಲ್ಲಿ.

2017ರಲ್ಲಿ ಸ್ಟ್ಯಾನ್‌ಫೋರ್ಡ್‌ನ ಶೆರ್ಬಿನಾ ಮತ್ತು ಸಂಗಡಿಗರು 60 ಸ್ವಯಂಸೇವಕರ ಮೇಲೆ ಏಳು ಸಾಧನಗಳನ್ನು ಪರೀಕ್ಷಿಸಿ, ಕಪ್ಪು ಚರ್ಮದವರಲ್ಲಿ ತಪ್ಪು ಹೆಚ್ಚೆಂದು ವರದಿ ಮಾಡಿದರು. 2020ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಬೆಂಟ್ ಮತ್ತು ಸಂಗಡಿಗರು ಚರ್ಮವನ್ನು ವಿಂಗಡಿಸುವ ಫಿಟ್ಜ್‌ಪ್ಯಾಟ್ರಿಕ್ ಮಾನಕದ ಆರೂ ವರ್ಗಗಳಿಂದ 53 ಮಂದಿಯನ್ನು ಪರೀಕ್ಷಿಸಿದರು. ಚಟುವಟಿಕೆಯ ವೇಳೆ ತಪ್ಪು ವಿಶ್ರಾಂತಿಗಿಂತ ಸರಾಸರಿ ಶೇ. 30ರಷ್ಟು ಹೆಚ್ಚಿತ್ತು, ಮೈಬಣ್ಣಗಳ ನಡುವೆ ಮಾತ್ರ ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅಲ್ಲಿಗೆ ಪ್ರಶ್ನೆ ಮುಗಿಯಿತು ಎಂದು ಓದುವವರಿದ್ದಾರೆ. ನನ್ನ ಭಿನ್ನಾಭಿಪ್ರಾಯ ಆ ಓದಿನ ಬಗ್ಗೆ. ದತ್ತಾಂಶದ ಬಗ್ಗೆ ಅಲ್ಲ.

53 ಮಂದಿಯನ್ನು ಆರು ವರ್ಗಗಳಿಗೆ ಹಂಚಿದರೆ ವರ್ಗಕ್ಕೆ ಸರಾಸರಿ ಒಂಬತ್ತು ಜನರೂ ಆಗುವುದಿಲ್ಲ. ಅಷ್ಟು ಚಿಕ್ಕ ಗುಂಪಿನಲ್ಲಿ ವ್ಯತ್ಯಾಸ ಕಾಣದಿರುವುದು, ವ್ಯತ್ಯಾಸ ಇಲ್ಲವೆಂಬುದಕ್ಕೆ ಪುರಾವೆಯಾಗದು. ಅದಕ್ಕಿಂತ ಮುಖ್ಯವಾದ ಆಕ್ಷೇಪ ಭೌತಶಾಸ್ತ್ರದ್ದು. ಮೆಲನಿನ್ ಕೆಂಪು ಬೆಳಕಿಗಿಂತ ಹಸಿರು ಬೆಳಕನ್ನು ಹೆಚ್ಚು ಹೀರುತ್ತದೆ. ಆದರೆ ಅದು ಸ್ಥಿರ ಬೆಳಕನ್ನೂ ನಾಡಿಯ ಏರಿಳಿತವನ್ನೂ ಒಂದೇ ಪ್ರಮಾಣದಲ್ಲಿ ತಗ್ಗಿಸುವುದರಿಂದ, ಕೂತವರಲ್ಲಿ ಎಲ್‌ಇಡಿಯ ಪ್ರಖರತೆ ಹೆಚ್ಚಿಸಿ ಸಾಧನ ನಷ್ಟ ತುಂಬಿಕೊಳ್ಳಬಹುದು. ಓಡುವಾಗ ಸನ್ನಿವೇಶವೇ ಬೇರೆ. ನಿಮಿಷಕ್ಕೆ 160 ಹೆಜ್ಜೆ ಹಾಕುವವರ ಹೃದಯ 130 ಬಾರಿ ಬಡಿಯುತ್ತಿದೆ ಎನ್ನೋಣ. ಪ್ರತಿ ಹೆಜ್ಜೆಗೂ ವಾಚು ಚರ್ಮದ ಮೇಲೆ ಕುಲುಕಿ ಬೆಳಕಿನಲ್ಲಿ ತನ್ನದೇ ಅಲೆ ಎಬ್ಬಿಸುತ್ತದೆ; ಗಣನಸೂತ್ರ ಆ ಅಲೆಯನ್ನೇ ನಾಡಿಯೆಂದು ಹಿಡಿದು 160 ತೋರಿಸಬಹುದು. ಹೀಗೆ ಕುಲುಕುವಾಗ ಪಟ್ಟಿಯ ಸಂದಿಯಿಂದ ನುಸುಳುವ ಹೊರಬೆಳಕನ್ನೂ ಸಾಧನದ ವಿದ್ಯುತ್ ಗದ್ದಲವನ್ನೂ ಮೆಲನಿನ್ ನಾಡಿಯ ಏರಿಳಿತವನ್ನು ತಗ್ಗಿಸುವಷ್ಟೇ ಪ್ರಮಾಣದಲ್ಲಿ ತಗ್ಗಿಸುವುದಿಲ್ಲ. ಹಾಗಾಗಿ ಮೈಬಣ್ಣದ ಪರಿಣಾಮ ಚಲನೆಯೊಂದಿಗೆ ಸೇರಿದಾಗಲೇ ಎದ್ದುಕಾಣುತ್ತದೆ, ಒಟ್ಟು ಸರಾಸರಿಯಲ್ಲಿ ಮುಚ್ಚಿಹೋಗುತ್ತದೆ ಎಂಬುದು ನನ್ನ ವಾದ.

ಈ ವಾದಕ್ಕೆ ಮಿತಿಗಳಿವೆ. ಇದು ಕಾರ್ಯವಿಧಾನದಿಂದ ಹೊರಟ ಊಹೆ, ನೇರ ಅಳತೆಯಲ್ಲ. ಬೆಂಟ್ ತಂಡದ ಪ್ರಯೋಗದಲ್ಲಿ ನಡಿಗೆಯಿತ್ತು, ಟೈಪಿಂಗ್ ಇತ್ತು, ಓಟವಿರಲಿಲ್ಲ. ಆದ್ದರಿಂದ ಅದು ನನ್ನ ಮಾತನ್ನು ಅಲ್ಲಗಳೆಯುವುದೂ ಇಲ್ಲ, ಸಮರ್ಥಿಸುವುದೂ ಇಲ್ಲ. ಶೆರ್ಬಿನಾ ತಂಡ ಕಂಡ ವ್ಯತ್ಯಾಸಕ್ಕೆ ಬಳಸಿದ ಸಾಧನಗಳ ಹಳೆಯ ತಂತ್ರಜ್ಞಾನವೂ ಕಾರಣವಿರಬಹುದು.

ಮಾನಕದ ಪ್ರಶ್ನೆ ಇನ್ನೂ ಬಾಕಿಯಿದೆ. ಫಿಟ್ಜ್‌ಪ್ಯಾಟ್ರಿಕ್ 1975ರಲ್ಲಿ ರೂಪಿಸಿದ್ದು ಬಿಸಿಲಿಗೆ ಚರ್ಮ ಹೇಗೆ ಪ್ರತಿಕ್ರಿಯಿಸುತ್ತದೆಂಬ ವರ್ಗೀಕರಣ. ಮೆಲನಿನ್‌ನ ಅಳತೆ ಅದರ ಉದ್ದೇಶವಾಗಿರಲಿಲ್ಲ. ನಮ್ಮಲ್ಲಿ ಹೆಚ್ಚಿನವರು ಅದರ ನಾಲ್ಕು-ಐದನೇ ವರ್ಗಗಳಲ್ಲೇ ಸೇರಿಬಿಡುತ್ತೇವೆ; ಮಲೆನಾಡಿನ ಗುಮಾಸ್ತರ ಕೈಗೂ ರಾಯಚೂರಿನ ಹೊಲದಲ್ಲಿ ದುಡಿಯುವವರ ಕೈಗೂ ಇರುವ ಅಂತರ ಅಲ್ಲಿ ಅಳಿಸಿಹೋಗಬಹುದು. ಸದಾ ವಾಚು ಕಟ್ಟುವವರ ಪಟ್ಟಿಯಡಿಯ ಚರ್ಮವಂತೂ ಸುತ್ತಲಿನದಕ್ಕಿಂತ ತಿಳಿಯಾಗಿರುತ್ತದೆ. ಸಂವೇದಕ ಕೂರುವ ಆ ಜಾಗದ ವರ್ಣವನ್ನೇ ಉಪಕರಣದಿಂದ ಅಳೆದು, ಅದೇ ವ್ಯಕ್ತಿಯನ್ನು ಕೂರಿಸಿಯೂ ಓಡಿಸಿಯೂ ಇಸಿಜಿಯೊಂದಿಗೆ ಹೋಲಿಸಬೇಕು. ಆಗಲೂ ವ್ಯತ್ಯಾಸ ಕಾಣದಿದ್ದರೆ ಇಲ್ಲಿ ಮಂಡಿಸಿದ ವಾದವನ್ನು ಕೈಬಿಡಬೇಕಾಗುತ್ತದೆ.